ಒಕ್ಕೊರಲ ಹಾಡು

ಗಣೇಶನ ಹಬ್ಬ ಮುಗಿದು ದಸರೆ ಹತ್ತಿರವಾಗುವ ಹೊತ್ತಿಗೆ ನಮ್ಮ ನಾಡಿನ ಹೆಣ್ಣುಮಕ್ಕಳ ಪ್ರೌಢಶಾಲೆಗಳಲ್ಲಿ ಒಂದು ವಿಶೇಷ ಕಾಲ ಆರಂಭವಾಗುತ್ತದೆ. ಪಂಚಾಂಗದಲ್ಲಿ ಅದಕ್ಕೆ ಹೆಸರಿಲ್ಲ. ಕೊನೆಯ ಪಾಠದ ಗಂಟೆ ಹೊಡೆದು ಮಕ್ಕಳೆಲ್ಲ ಮನೆಗೆ ಹೊರಟ ಮೇಲೆ ಮೂಲೆಯ ಕೊಠಡಿಯೊಂದರಿಂದ ಹಾರ್ಮೋನಿಯಂ ಧ್ವನಿ ಏಳುತ್ತದೆ. ಅದರ ಹಿಂದೆಯೇ ಒಂದೇ ಪಲ್ಲವಿ ಹತ್ತು ಸಲ, ಇಪ್ಪತ್ತು ಸಲ ಕೇಳಿಬರುತ್ತದೆ. ಅಂಗಳದ ಬೇವಿನ ಮರದ ಕಾಗೆಗಳಿಗೂ ಆ ಹಾಡು ಬಾಯಿಪಾಠವಾಗಿರಬೇಕು. ಪ್ರತಿಭಾ ಕಾರಂಜಿ, ದಸರೆಯ ವೇದಿಕೆ, ರಾಜ್ಯೋತ್ಸವ, ಮಕ್ಕಳ ದಿನಾಚರಣೆ, ಶಾಲೆಯ ವಾರ್ಷಿಕೋತ್ಸವ, ಕೊನೆಗೆ ಗಣರಾಜ್ಯೋತ್ಸವ, ಹೀಗೆ ಒಂದರ ಬೆನ್ನಿಗೆ ಒಂದು ಬರುತ್ತವೆ. ಇವುಗಳಲ್ಲಿ ಕೆಲವು ಸ್ಪರ್ಧೆಗಳು, ಕೆಲವು ಉತ್ಸವಗಳು. ಎರಡೂ ಒಂದೇ ವೇದಿಕೆಯ ಮೇಲೆ, ಒಂದೇ ಧ್ವನಿವರ್ಧಕದ ಮುಂದೆ ನಡೆಯುವುದರಿಂದ ಅವುಗಳ ಭೇದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆ ಭೇದವೇ ಈ ಬರಹದ ವಿಷಯ.

ಕನ್ನಡ ಪಾಠ ಹೇಳುವವಳಾದ ನನ್ನನ್ನು ಇಂಥ ಸ್ಪರ್ಧೆಗಳಿಗೆ ತೀರ್ಪು ಹೇಳಲು ಕರೆಯುವುದುಂಟು. ಸಂಗೀತ ಬಲ್ಲ ಇಬ್ಬರ ಪಕ್ಕದಲ್ಲಿ ಸಾಹಿತ್ಯ ಬಲ್ಲವರೊಬ್ಬರು ಕುಳಿತಿರಲಿ ಎಂಬುದು ಕರೆಯುವವರ ಎಣಿಕೆ. ಹೀಗೆ ಹಲವು ವರ್ಷ ಸಮೂಹಗಾನಗಳನ್ನು ಕೇಳುತ್ತ ಕುಳಿತವಳಿಗೆ ನಮ್ಮ ಭಾಷೆಯ ಒಂದು ಪದ ಮತ್ತೆ ಮತ್ತೆ ನೆನಪಾಗಿದೆ. ಅದು 'ಒಕ್ಕೊರಲು'. ಕೊರಲು ಎಂದರೆ ಕಂಠ. ಒಕ್ಕೊರಲು ಎಂದರೆ ಒಂದೇ ಕಂಠ. ಈಗ ಈ ಪದವನ್ನು ನಾವು ಸಭೆಗಳ ನಿರ್ಣಯಕ್ಕೆ ಮೀಸಲಿಟ್ಟಿದ್ದೇವೆ. ಹಲವು ಕಂಠಗಳು ಕೂಡಿ ಒಂದು ಕಂಠವಾಗುವ ಸೋಜಿಗವನ್ನು ಆ ಪದ ತನ್ನೊಳಗೆ ಇಟ್ಟುಕೊಂಡಿದೆ ಎಂಬುದು ಹೆಣ್ಣುಮಕ್ಕಳ ಹಾಡನ್ನು ಕೇಳುವಾಗ ಮಾತ್ರ ಮನಸ್ಸಿಗೆ ಬರುತ್ತದೆ. ಹಲವು ಕಂಠಗಳು ಒಂದಾಗುವುದಕ್ಕೆ ಎರಡು ದಾರಿಗಳಿವೆ. ಎಲ್ಲರನ್ನೂ ಕೂಡಿಸಿಕೊಂಡು ಹದ ಮಾಡುವುದು ಒಂದು. ಹೊಂದದ ಕಂಠಗಳನ್ನು ತೆಗೆದುಹಾಕುವುದು ಇನ್ನೊಂದು. ಮೊದಲನೆಯದು ತಡವಾಗಿ ಫಲ ಕೊಡುವ ದಾರಿ, ಎರಡನೆಯದು ಬೇಗ ಬಹುಮಾನ ತರುವ ದಾರಿ.

ನಮ್ಮ ಶಾಸ್ತ್ರೀಯ ಸಂಗೀತ ಮುಖ್ಯವಾಗಿ ಒಂಟಿ ಕಂಠದ ಕಲೆ. ಕರ್ನಾಟಕ ಸಂಗೀತವಾಗಲಿ ಹಿಂದುಸ್ತಾನಿಯಾಗಲಿ, ಕಛೇರಿಯ ನಡುವೆ ಒಬ್ಬರೇ ಕುಳಿತಿರುತ್ತಾರೆ, ಉಳಿದವರು ಪಕ್ಕವಾದ್ಯದವರು. ಮನೋಧರ್ಮ ಎಂಬುದು ಒಬ್ಬರಲ್ಲಿ ಹುಟ್ಟುವ ಸಂಪತ್ತು, ಎಂಟು ಮಂದಿ ಕೂಡಿ ಆಲಾಪನೆ ಮಾಡಲಾರರು. ಆದರೆ ಕೂಡಿ ಹಾಡುವುದು ನಮಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ಅದು ಕಛೇರಿಯಲ್ಲಿ ಇರಲಿಲ್ಲ, ಮನೆಯಲ್ಲಿ ಇತ್ತು. ಅದರಲ್ಲಿಯೂ ಹೆಂಗಸರ ಬಳಿ ಇತ್ತು. ಬೀಸುವ ಕಲ್ಲಿನ ಎರಡು ಬದಿಗೆ ಎದುರುಬದುರಾಗಿ ಕುಳಿತ ಇಬ್ಬರು ಒಂದೊಂದು ನುಡಿಯನ್ನು ಹಂಚಿಕೊಂಡು ಹಾಡಿದರು. ಮದುವೆಯ ಚಪ್ಪರದಲ್ಲಿ ಸೋಬಾನೆಯ ಪದಕ್ಕೆ ಹಿರಿಯಳೊಬ್ಬಳು ಮೊದಲಾದರೆ ಉಳಿದವರು ಸೊಲ್ಲು ಎತ್ತಿಕೊಂಡರು. ಕೋಲಾಟದ ಪದಕ್ಕೆ ಕೋಲೇ ತಾಳವಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಕೂಟಗಳಿಗೆ ಯಾರನ್ನೂ ಆರಿಸಿ ಕರೆಯುತ್ತಿರಲಿಲ್ಲ. ಹಾಡು ಬಲ್ಲವಳು ನುಡಿ ಹೇಳಿದಳು. ಬಾರದವಳು ಸೊಲ್ಲಿಗೆ ದನಿಗೂಡಿಸಿದಳು. ಹತ್ತು ಮದುವೆಗಳು ಕಳೆಯುವಷ್ಟರಲ್ಲಿ ಅವಳೂ ನುಡಿ ಹೇಳುವವಳಾದಳು. ಸೊಲ್ಲು ಎಂಬುದು ಹೊಸಬರಿಗಾಗಿ ತೆರೆದಿಟ್ಟ ಬಾಗಿಲು. 1931ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಪ್ರಕಟಿಸಿದಾಗ ಓದುಬಲ್ಲ ಕನ್ನಡಿಗರು ತಮ್ಮ ತಾಯಂದಿರ ಬಾಯಲ್ಲಿ ಎಂಥ ಕವಿತೆ ಇತ್ತೆಂಬುದನ್ನು ಕಂಡು ಬೆರಗಾದರು. ಮಾತು ಅಚ್ಚಿಗೆ ಬಂದಿತು. ಆದರೆ ಆ ಮಾತನ್ನು ಹಂಚಿಕೊಂಡು ಹಾಡುತ್ತಿದ್ದ ಕಂಠಗಳ ಕೂಡಾಟವನ್ನು ಅಚ್ಚಿನ ಮೊಳೆ ಹಿಡಿದಿಡಲಾರದು.

ಮನೆಯೊಳಗೆ ಹಾಡುತ್ತಿದ್ದವರು ಹೊರಗೆ, ನಾಲ್ಕು ಜನರ ಮುಂದೆ ಹಾಡುವುದು ಮಾತ್ರ ಸುಲಭವಾಗಿರಲಿಲ್ಲ. ನೂರು ವರ್ಷಗಳ ಹಿಂದೆ ಸಭೆಯಲ್ಲಿ ಹಾಡುವ ಹೆಣ್ಣನ್ನು 'ಮರ್ಯಾದಸ್ಥ' ಸಮಾಜ ಯಾವ ಕಣ್ಣಿನಿಂದ ನೋಡುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಗೀತವನ್ನು ಕಾಪಾಡಿದ ದೇವದಾಸಿಯರಿಗೆ ಗೌರವವಿರಲಿಲ್ಲ. ಗೌರವವಿದ್ದ ಮನೆಯ ಹುಡುಗಿಯರಿಗೆ ಸಂಗೀತವಿರಲಿಲ್ಲ. ಈ ಗೋಡೆಯಲ್ಲಿ ಮೊದಲು ಕಿಂಡಿ ಕೊರೆದ ಸ್ಥಳಗಳಲ್ಲಿ ಹೆಣ್ಣುಮಕ್ಕಳ ಶಾಲೆಯೂ ಒಂದು. 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರರು ಮೈಸೂರಿನಲ್ಲಿ ಆರಂಭಿಸಿದ, ಮುಂದೆ ಮಹಾರಾಣಿಯವರ ಹೆಸರನ್ನು ಹೊತ್ತು ಬೆಳೆದ ಶಾಲೆಯಲ್ಲಿ ಸಂಗೀತವೂ ಕಲಿಕೆಯ ಒಂದು ಭಾಗವಾಗಿತ್ತು. ಮಗಳನ್ನು ಶಾಲೆಗೆ ಕಳಿಸಲು ಹಿಂದೆಗೆಯುತ್ತಿದ್ದ ಮನೆಗಳಿಗೆ ಅದೊಂದು ಆಕರ್ಷಣೆಯೂ ಆಗಿತ್ತು. ಶಾಲೆಯಲ್ಲಿ ಕಲಿತ ಹಾಡು ಮರ್ಯಾದೆಯ ಹಾಡು ಎಂಬ ಭಾವನೆ ಹೀಗೆ ನಿಧಾನವಾಗಿ ಬೇರೂರಿತು.

ಇನ್ನೊಂದು ಕಿಂಡಿಯನ್ನು ಕೊರೆದವರು ಬೆಂಗಳೂರು ನಾಗರತ್ನಮ್ಮ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ, ದೇವದಾಸಿ ಮನೆತನದ ಈ ಮಹಿಳೆ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ಗಳಿಕೆಯನ್ನು ಸುರಿದು ಗುಡಿ ಕಟ್ಟಿಸಿದರು. ಆದರೆ ಆರಾಧನೆಯ ದಿನ ಅಲ್ಲಿ ಹಾಡುವ ಅವಕಾಶ ಹೆಂಗಸರಿಗಿರಲಿಲ್ಲ. 1927ರಲ್ಲಿ ಅವರು ಹೆಂಗಸರನ್ನೇ ಕೂಡಿಸಿಕೊಂಡು, ಅದೇ ಗುಡಿಯ ಹಿಂಬದಿಯಲ್ಲಿ, ಬೇರೆಯಾಗಿ ಆರಾಧನೆ ನಡೆಸಿದರು. ಜಗಳವಾಡುತ್ತಿದ್ದ ಬಣಗಳು 1940ರ ಆಸುಪಾಸಿನಲ್ಲಿ ಒಂದಾದ ಮೇಲೆ ಗಂಡಸರು ಹೆಂಗಸರು ಜೊತೆಯಾಗಿ ಹಾಡುವುದು ಅಲ್ಲಿ ನೆಲೆಗೊಂಡಿತು. ಈಗ ಪುಷ್ಯ ಬಹುಳ ಪಂಚಮಿಯ ದಿನ ನಾಟ, ಗೌಳ, ಆರಭಿ, ವರಾಳಿ, ಶ್ರೀ ಈ ಐದು ಘನರಾಗಗಳ ಪಂಚರತ್ನ ಕೃತಿಗಳನ್ನು ನೂರಾರು ಮಂದಿ ಒಟ್ಟಿಗೆ ಹಾಡುತ್ತಾರೆ. ಮಹಾವಿದ್ವಾಂಸರ ಪಕ್ಕದಲ್ಲಿಯೇ ನಿನ್ನೆ ಮೊನ್ನೆ ಕಲಿತ ಹುಡುಗಿಯೂ ಕುಳಿತಿರುತ್ತಾಳೆ. ಅಲ್ಲಿ ಬಹುಮಾನವಿಲ್ಲ. ಒಂಟಿ ಕಂಠದ ಸಂಗೀತವೂ ವರ್ಷಕ್ಕೊಂದು ದಿನ ಒಕ್ಕೊರಲಾಗುವುದನ್ನು ಅಲ್ಲಿ ಕಾಣಬಹುದು. ಇದು ಉತ್ಸವ.

ಸ್ವಾತಂತ್ರ್ಯ ಬಂದ ಮೇಲೆ ಕೂಡಿ ಹಾಡುವುದಕ್ಕೆ ದೇಶದಲ್ಲೆಲ್ಲ ಹೊಸ ಹುರುಪು ಬಂದಿತು. ನಮ್ಮಲ್ಲಿ ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿ ಎಂಬ ಸೋದರಿಯರ ಜೊತೆಗೂಡಿ ಕನ್ನಡ ಕವಿತೆಯನ್ನೂ ಜನಪದ ಗೀತೆಯನ್ನೂ ಊರೂರಿಗೆ ಒಯ್ದರು. ಒಂದು ಹಾಡನ್ನು ಮೂರು ಕಂಠಗಳು ಹಂಚಿಕೊಂಡರೆ ಎಷ್ಟು ಸೊಗಸೆಂಬುದನ್ನು ಒಂದು ತಲೆಮಾರಿನ ಕನ್ನಡಿಗರು ಅವರಿಂದ ಅರಿತರು. ಮುಂಬಯಿಯಲ್ಲಿ 1950ರ ದಶಕದಲ್ಲಿ ಸಲಿಲ್ ಚೌಧುರಿಯವರು ಯುವಜನರ ವೃಂದವೊಂದನ್ನು ಕಟ್ಟಿದರು. ಮದರಾಸಿನಲ್ಲಿ ಎಂ.ಬಿ. ಶ್ರೀನಿವಾಸನ್ ಅವರು 1970ರ ದಶಕದ ಆರಂಭದಲ್ಲಿ ಅದೇ ಕೆಲಸ ಮಾಡಿದರು. ಮಕ್ಕಳಿಗೆ ಭಾರತದ ಹಲವು ಭಾಷೆಗಳ ಹಾಡುಗಳನ್ನು ಕೂಡಿ ಹಾಡಲು ಕಲಿಸಬೇಕೆಂದು 1980ರ ದಶಕದಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ ಹಮ್ಮಿಕೊಂಡ ಸಮುದಾಯ ಗಾಯನದ ಕೆಲಸದಲ್ಲಿಯೂ ಶ್ರೀನಿವಾಸನ್ ಅವರ ಕೈಯಿತ್ತು. 1988ರಲ್ಲಿ ಅವರು ತೀರಿಕೊಂಡುದು ಲಕ್ಷದ್ವೀಪದಲ್ಲಿ. ಅಲ್ಲಿಗೆ ಹೋಗಿದ್ದುದೂ ವೃಂದಗಾನದ ಕೆಲಸಕ್ಕಾಗಿಯೇ. ಗಾಯಕರನ್ನು ಆರಿಸುವುದಕ್ಕಿಂತ ಹಾಡದವರನ್ನು ಹಾಡಿಸುವುದು ದೊಡ್ಡ ಕೆಲಸವೆಂದು ನಂಬಿದ ಪೀಳಿಗೆ ಅದು.

ಇದರ ಜೊತೆಗೇ ಸ್ಪರ್ಧೆಯೂ ಬೆಳೆಯಿತು. ಅಂತರ ವಿಶ್ವವಿದ್ಯಾಲಯ ಯುವಜನೋತ್ಸವ ಮೊದಲ ಬಾರಿ ದಿಲ್ಲಿಯಲ್ಲಿ ನಡೆದುದು 1954ರಲ್ಲಿ. ಇಂದು ವಿಶ್ವವಿದ್ಯಾಲಯಗಳ ಯುವಜನೋತ್ಸವದಲ್ಲಿ ಸಮೂಹಗಾನಕ್ಕೆ ಆರು ಗಾಯಕರು ಮಾತ್ರ, ಪಕ್ಕವಾದ್ಯಕ್ಕೆ ಮೂವರು, ಅವಧಿ ಹತ್ತು ನಿಮಿಷ, ಚಲನಚಿತ್ರ ಗೀತೆ ಸಲ್ಲದು ಎಂಬ ಕಟ್ಟಳೆಗಳಿವೆ. ಶಾಲೆಗಳ ಸ್ಪರ್ಧೆಗಳು ಬಹುಮಟ್ಟಿಗೆ ಇದೇ ಮಾದರಿಯನ್ನು ಹಿಡಿದಿವೆ. ಆರರ ಬದಲು ಎಂಟೋ ಹತ್ತೋ ಇರಬಹುದು. ಕರ್ನಾಟಕದ ಪ್ರತಿಭಾ ಕಾರಂಜಿ ಕ್ಲಸ್ಟರಿನಿಂದ ಮೊದಲಾಗಿ ತಾಲ್ಲೂಕು, ಜಿಲ್ಲೆಗಳನ್ನು ದಾಟಿ ರಾಜ್ಯದ ಮಟ್ಟಕ್ಕೆ ಏರುತ್ತದೆ. ಅದರಲ್ಲಿ ಭಾವಗೀತೆ, ಜನಪದ ಗೀತೆಗಳು ಒಂಟಿ ಕಂಠಕ್ಕೆ ಮೀಸಲು. ಜನಪದ ನೃತ್ಯ, ಕವ್ವಾಲಿಗಳು ಗುಂಪಿಗೆ. ಸಮೂಹದ ಬಾಯಲ್ಲಿ ಹುಟ್ಟಿದ ಜನಪದ ಗೀತೆಯನ್ನು ಒಬ್ಬಳೇ ಹುಡುಗಿ ನಿಂತು ಹಾಡುವುದರಲ್ಲಿ ಏನೋ ಒಂದು ಕೊರತೆ ನನಗೆ ಕಾಣುತ್ತದೆ. ಆದರೆ ನಮ್ಮ ಹಳ್ಳಿಯ ಹುಡುಗಿಯರು ಚಪ್ಪಾಳೆಯ ತಾಳಕ್ಕೆ ಕವ್ವಾಲಿ ಹಾಡುವುದನ್ನು ಕಂಡಾಗ ಆ ಕೊರತೆ ಅರ್ಧ ತುಂಬಿ ಬಂದಂತಾಗುತ್ತದೆ.

ಸಮೂಹಗಾನವನ್ನು ಸಿದ್ಧಪಡಿಸುವುದು ಹೊರಗಿನಿಂದ ನೋಡುವವರು ಎಣಿಸಿದಷ್ಟು ಹಗುರವಾದ ಕೆಲಸವಲ್ಲ. ಮೊದಲ ತೊಡಕು ಶ್ರುತಿಯದು. ಗಂಡಸರು ಸಾಮಾನ್ಯವಾಗಿ ಒಂದು, ಒಂದೂವರೆ, ಎರಡು ಮನೆಯ ಶ್ರುತಿಯಲ್ಲಿ ಹಾಡುತ್ತಾರೆ. ಹೆಂಗಸರು ಐದು, ಐದೂವರೆ ಮನೆಯ ಆಸುಪಾಸಿನಲ್ಲಿ. ಕಲಿಸುವವರು ತಮ್ಮ ಕಂಠಕ್ಕೆ ಹೊಂದುವ ಶ್ರುತಿ ಹಿಡಿದರೆ ಮಕ್ಕಳು ಮಂದ್ರದಲ್ಲಿ ಗೊಣಗುತ್ತಾರೆ, ತಾರದಲ್ಲಿ ಕಿರಚುತ್ತಾರೆ. ಈಚೆಗೆ ಮೊಬೈಲಿನಲ್ಲಿ ಸಿದ್ಧವಾದ ಹಿನ್ನೆಲೆ ಸಂಗೀತ ಸಿಗುತ್ತದೆ. ಹಾಡಿದ ಗಾಯಕಿಗೆ ಅದು ಹೊಂದಿತ್ತು. ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಹೊಂದಬೇಕೆಂದೇನಿಲ್ಲ. ಆ ಯಂತ್ರವಾದರೋ ಯಾರಿಗಾಗಿಯೂ ಕಾಯುವುದಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ. ಮೇಷ್ಟರೊಬ್ಬರು ಹಾರ್ಮೋನಿಯಂ ಹಿಡಿದು ಕುಳಿತರೆ ಅರ್ಧ ಮನೆ ಇಳಿಸಬಲ್ಲರು. ಉಸಿರು ಸಾಲದ ಹುಡುಗಿಗಾಗಿ ಒಂದು ಮಾತ್ರೆ ತಡೆಯಬಲ್ಲರು.

ಎರಡನೆಯದು ಉಸಿರು ಮತ್ತು ಉಚ್ಚಾರಣೆ. ಇದು ನನ್ನ ಪಾಲಿನ ಅಂಕಗಳ ವಿಷಯವಾದುದರಿಂದ ಸ್ವಲ್ಪ ವಿಸ್ತರಿಸಿ ಹೇಳಿದರೆ ಓದುಗರು ಮನ್ನಿಸಬೇಕು. ಒಬ್ಬಳು ಹಾಡುವಾಗ ಹಕಾರ ಜಾರಿದರೆ ಕಿವಿ ಸಹಿಸಿಕೊಳ್ಳುತ್ತದೆ. ಎಂಟು ಮಂದಿಯಲ್ಲಿ ನಾಲ್ವರಿಗೆ ಅದು ಜಾರಿದರೆ ಅರ್ಧ ಗುಂಪು ಹಕ್ಕಿಯನ್ನು ಹಾಡುತ್ತದೆ, ಇನ್ನರ್ಧ ಅಕ್ಕಿಯನ್ನು ಹಾಡುತ್ತದೆ. ಹೊಳೆ ಒಲೆಯಾಗುತ್ತದೆ, ಹಾಡು ಆಡಾಗುತ್ತದೆ. ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕೆಂದು ಮೊದಲೇ ಗೊತ್ತು ಮಾಡದಿದ್ದರೆ ಇನ್ನೂ ವಿಚಿತ್ರ. 'ಕರುನಾಡು' ಎಂಬುದನ್ನು ನಡುವೆ ಮುರಿದು ಉಸಿರೆಳೆದರೆ ಕನ್ನಡತಾಯಿಯ ಪಕ್ಕದಲ್ಲಿ ಒಂದು ಹಸುವಿನ ಕರು ಬಂದು ನಿಲ್ಲುತ್ತದೆ. ನಗುವ ಮಾತಲ್ಲ. ಅರ್ಥ ತಿಳಿದು ಹಾಡುವ ಗುಂಪು ಎಲ್ಲಿ ಉಸಿರೆಳೆಯಬೇಕೆಂಬುದನ್ನು ತಾನೇ ಕಂಡುಕೊಳ್ಳುತ್ತದೆ. ಕನ್ನಡದ ಅಧ್ಯಾಪಕಿಯೂ ಸಂಗೀತದ ಅಧ್ಯಾಪಕಿಯೂ ಒಂದು ಗಂಟೆ ಜೊತೆಯಲ್ಲಿ ಕುಳಿತು ಆ ಪದ್ಯವನ್ನು ಮಕ್ಕಳಿಗೆ ವಿವರಿಸಿದರೆ ಇಪ್ಪತ್ತು ತಾಲೀಮಿನ ಶ್ರಮ ಉಳಿಯುತ್ತದೆ ಎಂದು ನನ್ನ ಅನುಭವ.

ಮೂರನೆಯದು ವಯಸ್ಸು. ಹದಿಹರೆಯದಲ್ಲಿ ಗಂಡುಮಕ್ಕಳ ದನಿ ಒಡೆಯುತ್ತದೆಂಬುದು ಎಲ್ಲರಿಗೂ ಗೊತ್ತು. ಅದು ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹೆಣ್ಣುಮಕ್ಕಳ ದನಿಯೂ ಬದಲಾಗುತ್ತದೆಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಇಳಿತ ಎರಡು ಮೂರು ಸ್ವರಗಳಷ್ಟೇ. ಆದರೆ ಗಂಟಲಿನೊಳಗಿನ ಧ್ವನಿತಂತುಗಳು ಬೆಳೆಯುತ್ತಿರುವ ಆ ಎರಡು ಮೂರು ವರ್ಷ ಅವು ಪೂರ್ತಿಯಾಗಿ ಕೂಡಿಕೊಳ್ಳುವುದಿಲ್ಲ. ದನಿಯಲ್ಲಿ ಗಾಳಿ ಬೆರೆಯುತ್ತದೆ. ನಿನ್ನೆ ಮುಟ್ಟಿದ ತಾರಷಡ್ಜ ಇಂದು ಸಿಗುವುದಿಲ್ಲ. ಏಳನೆಯ ತರಗತಿಯಲ್ಲಿ ಕೋಗಿಲೆಯೆನಿಸಿಕೊಂಡವಳು ಒಂಬತ್ತನೆಯ ತರಗತಿಯಲ್ಲಿ "ನಿನ್ನ ಗಂಟಲು ಕೆಟ್ಟಿದೆಯಮ್ಮ" ಎಂಬ ಮಾತು ಕೇಳುತ್ತಾಳೆ. ಕೆಟ್ಟಿರುವುದೇನೂ ಇಲ್ಲ, ಬೆಳೆಯುತ್ತಿದೆ. ನಾಲ್ಕು ವರ್ಷ ತಾಳಿದರೆ ಆ ಕಂಠ ಹದವಾಗುತ್ತದೆ. ಆದರೆ ಸ್ಪರ್ಧೆ ಇರುವುದು ಮುಂದಿನ ಶನಿವಾರ.

ಈ ಮಾತಿಗೆ ಆಧಾರವಾಗಿ ನಾನು ಕಂಡ ಒಂದು ಸಂಗತಿಯನ್ನು ಹೇಳಬೇಕು. ಊರ ಹೆಸರು, ಶಾಲೆಯ ಹೆಸರು ಬೇಡ. ಯಾವ ಊರಾದರೂ ಆಗಬಹುದು. ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರ ಎಂಟು ಹುಡುಗಿಯರು ಬಂದು ನಿಂತರು. ಒಂದೇ ಬಣ್ಣದ ಲಂಗದಾವಣಿ, ಒಂದೇ ಅಳತೆಯ ಮಲ್ಲಿಗೆ ಮಾಲೆ. ಹಾಡು ಬಹಳ ಚೆನ್ನಾಗಿತ್ತು. ಶ್ರುತಿ ಕೂದಲೆಳೆಯಷ್ಟೂ ಸರಿಯಲಿಲ್ಲ. ಎರಡನೆಯ ಬಹುಮಾನ ಅವರಿಗೇ ಬಂದಿತು. ಕಾರ್ಯಕ್ರಮ ಮುಗಿದು ಕಾಫಿ ಕುಡಿಯುತ್ತಿದ್ದಾಗ ಆ ಗುಂಪಿನ ಇಬ್ಬರು ಹುಡುಗಿಯರು ನನ್ನ ಹತ್ತಿರ ಬಂದರು. ಪುಸ್ತಕದಲ್ಲಿ ಹಸ್ತಾಕ್ಷರ ಬೇಕಾಗಿತ್ತು. "ಚೆನ್ನಾಗಿ ಹಾಡಿದಿರಮ್ಮ" ಎಂದೆ. ಒಬ್ಬಳು ನಕ್ಕಳು. ಇನ್ನೊಬ್ಬಳು ತಲೆ ತಗ್ಗಿಸಿ, "ನಾನು ಹಾಡಲಿಲ್ಲ ಮೇಡಂ, ಬಾಯಿ ಆಡಿಸಿದೆ ಅಷ್ಟೆ. ನನಗೆ ಶ್ರುತಿ ನಿಲ್ಲೋದಿಲ್ಲ ಅಂತ ಮಿಸ್ ಹೇಳಿದ್ರು" ಎಂದಳು. ಎಂಟು ಮಂದಿ ಇರಲೇಬೇಕು, ಎತ್ತರ ಸಮನಾಗಿರಬೇಕು ಎಂಬ ಕಾರಣಕ್ಕೆ ಅವಳನ್ನು ಸಾಲಿನಲ್ಲಿ ನಿಲ್ಲಿಸಿದ್ದರು. ಎರಡು ತಿಂಗಳು ದಿನವೂ ಸಂಜೆ ತಾಲೀಮಿಗೆ ಬಂದಿದ್ದಾಳೆ. ಆ ಹಾಡಿನ ಪ್ರತಿಯೊಂದು ಅಕ್ಷರವೂ ಅವಳಿಗೆ ಗೊತ್ತು. ಅದರ ಅರ್ಥವನ್ನು ಕೇಳಿದೆ, ತಡವರಿಸದೆ ಹೇಳಿದಳು. ಬಹುಮಾನದ ಬಟ್ಟಲಿನಲ್ಲಿ ಅವಳ ಹೆಸರೂ ಸೇರಿದೆ. ಹಾಡಿನಲ್ಲಿ ಮಾತ್ರ ಅವಳಿಲ್ಲ.

ಆ ಸಂಗೀತದ ಅಧ್ಯಾಪಕಿಯನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಅವರ ಕಷ್ಟ ನನಗೆ ತಿಳಿಯದುದಲ್ಲ. ಬಹುಪಾಲು ಶಾಲೆಗಳಲ್ಲಿ ಸಂಗೀತಕ್ಕೆಂದು ಅಧ್ಯಾಪಕರೇ ಇರುವುದಿಲ್ಲ. ಇದ್ದಲ್ಲಿ ಒಬ್ಬರೇ ನೂರಾರು ಮಕ್ಕಳಿಗೆ. ವಾರಕ್ಕೊಂದು ಪಾಠದ ಅವಧಿ, ಅದನ್ನೂ ಪರೀಕ್ಷೆ ಹತ್ತಿರ ಬಂದಾಗ ಗಣಿತದವರು ಎರವಲು ಪಡೆಯುತ್ತಾರೆ. ವರ್ಷದ ಕೊನೆಗೆ ಅವರ ಕೆಲಸವನ್ನು ಅಳೆಯುವುದು ಮುಖ್ಯೋಪಾಧ್ಯಾಯಿನಿಯ ಕೊಠಡಿಯ ಗಾಜಿನ ಬೀರುವಿನಲ್ಲಿ ಎಷ್ಟು ಬಟ್ಟಲುಗಳು ಹೆಚ್ಚಾದುವು ಎಂಬುದರಿಂದ. ಹಾಡು ಬಾರದ ಮೂವತ್ತು ಹುಡುಗಿಯರು ಹಾಡುವಂತಾದರೆ ಅದನ್ನು ಇಡಲು ಬೀರುವಿನಲ್ಲಿ ಸ್ಥಳವಿಲ್ಲ.

ಸ್ಪರ್ಧೆಯಿಂದ ಒಳ್ಳೆಯದಾಗಿಲ್ಲವೆಂದೂ ಹೇಳಲಾರೆ. ಊರ ಗಡಿ ದಾಟದ ಹುಡುಗಿಯೊಬ್ಬಳು ಗೆಳತಿಯರ ಜೊತೆಯಲ್ಲಿ ಬಸ್ಸು ಹತ್ತಿ ಜಿಲ್ಲೆಯ ಪಟ್ಟಣಕ್ಕೆ ಬರುವುದು ಸಣ್ಣ ಸಂಗತಿಯಲ್ಲ. "ನಮ್ಮ ಮನೆ ಹೆಣ್ಣುಮಗಳು ವೇದಿಕೆ ಹತ್ತುವುದೆ?" ಎಂದು ಗದರಿದ ತಂದೆ, ಶಾಲೆಯ ಹೆಸರಿನಲ್ಲಿ ಎಂದಾಗ ಸಮ್ಮತಿಸುತ್ತಾನೆ, ಆಮೇಲೆ ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಅಂಗಡಿಯ ಗೋಡೆಗೆ ಅಂಟಿಸಿಕೊಳ್ಳುತ್ತಾನೆ. ಸ್ಪರ್ಧೆಯ ದಿನಾಂಕ ಗೊತ್ತಾಗದಿದ್ದರೆ ಎಷ್ಟೋ ಶಾಲೆಗಳಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳ ತೆರೆಯುವುದೇ ಇಲ್ಲ. ಸ್ಪರ್ಧೆಯನ್ನು ತೆಗೆದುಹಾಕಿದರೆ ಬಾಯಿ ಆಡಿಸುವ ಹುಡುಗಿಯ ಜೊತೆಗೆ ಹಾಡುವ ಏಳು ಮಂದಿಯೂ ಮೌನವಾಗುತ್ತಾರೆ. ಆದುದರಿಂದ ಪ್ರಶ್ನೆ ಸ್ಪರ್ಧೆ ಬೇಕೇ ಬೇಡವೇ ಎಂಬುದಲ್ಲ. ಅದನ್ನು ಎಲ್ಲಿ ನಿಲ್ಲಿಸಬೇಕು ಎಂಬುದು.

ಈ ಪ್ರಶ್ನೆಯನ್ನು ನಮ್ಮ ನೆರೆಯ ಕೇರಳ ಬಹಳ ದೊಡ್ಡ ಪ್ರಮಾಣದಲ್ಲಿ ಎದುರಿಸಿದೆ. ಅಲ್ಲಿಯ ಶಾಲಾ ಕಲೋತ್ಸವ 1957ರಲ್ಲಿ ಎರ್ನಾಕುಳಂನಲ್ಲಿ ಆರಂಭವಾಯಿತು. ಸಂಘಗಾನ, ವೃಂದವಾದ್ಯಗಳಿಂದ ಮೊದಲಾಗಿ ನೂರಾರು ವಿಭಾಗಗಳಲ್ಲಿ ಸಾವಿರಾರು ಮಕ್ಕಳು ಅದರಲ್ಲಿ ಸೇರುತ್ತಾರೆ. ಕಾಸರಗೋಡಿನ ಕನ್ನಡ ಮಕ್ಕಳ ಪಾಲಿಗೆ ಅಲ್ಲಿ ಕನ್ನಡ ಪದ್ಯವಾಚನವೂ ಯಕ್ಷಗಾನವೂ ಇವೆಯೆಂಬುದು ನಮಗೆ ಸಂತೋಷದ ಸಂಗತಿ. 1986ರಿಂದ ಅಲ್ಲಿ ಅತ್ಯಧಿಕ ಅಂಕ ಪಡೆದ ಹುಡುಗಿಗೆ 'ಕಲಾತಿಲಕಂ', ಹುಡುಗನಿಗೆ 'ಕಲಾಪ್ರತಿಭಾ' ಎಂಬ ಬಿರುದು ಕೊಡತೊಡಗಿದರು. ಬಿರುದಿನ ಹಿಂದೆ ಪೈಪೋಟಿ, ಪೈಪೋಟಿಯ ಹಿಂದೆ ಖರ್ಚು, ಖರ್ಚಿನ ಹಿಂದೆ ಮೇಲ್ಮನವಿ, ನ್ಯಾಯಾಲಯ ಎಲ್ಲವೂ ಬಂದುವು. ಸುಮಾರು ಎರಡು ದಶಕಗಳ ಬಳಿಕ ಆ ಬಿರುದುಗಳನ್ನು ನಿಲ್ಲಿಸಿದರು. ಆಮೇಲೆ ಮೊದಲನೆಯ, ಎರಡನೆಯ ಸ್ಥಾನಗಳಿಗೆ ಬದಲು ದರ್ಜೆಯ ಪದ್ಧತಿಗೆ ಒತ್ತು ಕೊಟ್ಟರು. ನೂರಕ್ಕೆ 80 ಅಂಕ ಮುಟ್ಟಿದವರಿಗೆಲ್ಲ 'ಎ' ದರ್ಜೆ. ಪೈಪೋಟಿ ಇದರಿಂದ ಮಾಯವಾಯಿತೆಂದಲ್ಲ. ಆದರೆ ಇದರಲ್ಲೊಂದು ವಿವೇಕವಿದೆ. ಬೆಟ್ಟದ ತುದಿಯಲ್ಲಿ ಒಬ್ಬರಿಗೆ ಮಾತ್ರ ನಿಲ್ಲಲು ಎಡೆಯಿದ್ದರೆ ಹತ್ತುವವರು ಒಬ್ಬರನ್ನೊಬ್ಬರು ತಳ್ಳುತ್ತಾರೆ. ಒಂದು ಮಟ್ಟಕ್ಕೆ ಗೆರೆ ಎಳೆದು, ಅದನ್ನು ದಾಟಿದವರೆಲ್ಲರೂ ಗೆದ್ದವರೇ ಎಂದರೆ ಕೈ ಹಿಡಿದು ಎಳೆದುಕೊಳ್ಳುವ ಮನಸ್ಸಾದರೂ ಹುಟ್ಟಬಹುದು. ಸಮೂಹಗಾನಕ್ಕಂತೂ ಈ ಪದ್ಧತಿ ಬಹಳ ಸಹಜ.

ಶ್ರುತಿ ನಿಲ್ಲದ ಹುಡುಗಿಗೆ ಶ್ರುತಿ ಕಲಿಸಬಹುದೇ ಎಂದು ಕೇಳುವವರಿದ್ದಾರೆ. ಸ್ವರಗಳ ಭೇದವನ್ನೇ ಗ್ರಹಿಸಲಾರದ ಕಿವಿ ಇಲ್ಲವೆಂದಲ್ಲ. ಅದು ತೀರ ಅಪರೂಪ. ಉಳಿದವರಲ್ಲಿ ಕೊರತೆ ಕಿವಿಯದಲ್ಲ, ರೂಢಿಯದು. ಹಳ್ಳಿಯ ಕಡೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹಿರಿಯ ಅಧ್ಯಾಪಕಿಯೊಬ್ಬರು ಇದನ್ನು ಮಾಡುವ ರೀತಿಯನ್ನು ನಾನು ಕಣ್ಣಾರೆ ಕಂಡೆ. ಅವರು ಸಂಗೀತದ ಅಧ್ಯಾಪಕಿಯಲ್ಲ, ಸಮಾಜ ಪಾಠ ಹೇಳುವವರು. ಚಿಕ್ಕಂದಿನಲ್ಲಿ ಭಜನೆಯ ಮನೆಯಲ್ಲಿ ಬೆಳೆದವರು. ದನಿ ತಪ್ಪುವ ಹುಡುಗಿಯನ್ನು ಗಟ್ಟಿ ಶ್ರುತಿಯ ಹುಡುಗಿಯರಿಬ್ಬರ ನಡುವೆ ನಿಲ್ಲಿಸುತ್ತಾರೆ. ಮೊದಲು ಹಾಡಿಸುವುದಿಲ್ಲ, ಬಾಯಿ ಮುಚ್ಚಿ ಗುನುಗಿಸುತ್ತಾರೆ. ಅವಳು ಯಾವ ಸ್ವರದಲ್ಲಿ ಗುನುಗುತ್ತಾಳೋ ಅಲ್ಲಿಗೆ ತಾವೇ ಇಳಿದು ಹೋಗಿ, ಅಲ್ಲಿಂದ ಅವಳ ಕೈ ಹಿಡಿದು ಒಂದೊಂದೇ ಮೆಟ್ಟಿಲು ಮೇಲಕ್ಕೆ ಕರೆತರುತ್ತಾರೆ. "ನೀನು ಬಾ ಎಂದರೆ ಅದಕ್ಕೆ ದಾರಿ ಗೊತ್ತಿಲ್ಲ, ನಾವೇ ಹೋಗಿ ಕರಕೊಂಡು ಬರಬೇಕು" ಎಂದು ಅವರು ನನಗೆ ವಿವರಿಸಿದರು. ಬೆಳಗಿನ ಪ್ರಾರ್ಥನೆಗೆ ಪ್ರತಿ ತರಗತಿಯೂ ಒಂದೊಂದು ವಾರ ಮುಂದೆ ನಿಲ್ಲಬೇಕು, ಯಾರನ್ನೂ ಬಿಡುವಂತಿಲ್ಲ. ಸ್ಪರ್ಧೆಗೆ ಎಂಟು ಮಂದಿಯನ್ನು ಕಳಿಸುತ್ತಾರೆ, ಆದರೆ ತಾಲೀಮಿಗೆ ಬಯಸಿದವರೆಲ್ಲ ಬರಬಹುದು. ಆ ಶಾಲೆಗೆ ಬಹುಮಾನ ಬಂದುದನ್ನು ನಾನು ಕಾಣಲಿಲ್ಲ. ಆದರೆ ಒಂದು ನವೆಂಬರಿನ ರಾಜ್ಯೋತ್ಸವದ ದಿನ ಅಲ್ಲಿಗೆ ಭಾಷಣಕ್ಕೆ ಹೋದಾಗ ಶಾಲೆಗೆ ಶಾಲೆಯೇ ನಾಡಗೀತೆ ಹಾಡುವುದನ್ನು ಕೇಳಿದೆ. ಮುನ್ನೂರು ಮಕ್ಕಳಿರಬಹುದು. ಧ್ವನಿವರ್ಧಕ ಕೈಕೊಟ್ಟಿತ್ತು. ಯಾರಿಗೂ ಅದರ ಅಗತ್ಯ ಬೀಳಲಿಲ್ಲ.

ನಾಡಗೀತೆಯ ಮಾತು ಬಂದುದರಿಂದ ಅದನ್ನು ಕುರಿತು ಎರಡು ಮಾತು. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಆಮೇಲೆ ಬಹು ಕಾಲ ಅದನ್ನು ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ನಡೆಯಿತು. ಮೈಸೂರು ಅನಂತಸ್ವಾಮಿಯವರ ಧಾಟಿ, ಸಿ. ಅಶ್ವತ್ಥರ ಧಾಟಿ ಎರಡಕ್ಕೂ ಅಭಿಮಾನಿಗಳಿದ್ದರು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಪಡಿಸಿ, ಆಲಾಪವಿಲ್ಲದೆ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಿ ಮುಗಿಸಬೇಕೆಂದು ಆದೇಶಿಸಿತು. 2024ರಲ್ಲಿ ಉಚ್ಚ ನ್ಯಾಯಾಲಯ ಆ ಆದೇಶವನ್ನು ಎತ್ತಿಹಿಡಿಯಿತು. ಧಾಟಿಯ ಗುಣದೋಷ ಇಲ್ಲಿಯ ವಿಷಯವಲ್ಲ. ಶಾಲೆಯ ಕಣ್ಣಿನಿಂದ ನೋಡಿದರೆ ಇದರಿಂದ ಒಂದು ಅನುಕೂಲವಾಗಿದೆ. ಬೀದರಿನ ಹುಡುಗಿಯೂ ಚಾಮರಾಜನಗರದ ಹುಡುಗಿಯೂ ಎಲ್ಲಿ ಸೇರಿದರೂ ತಾಲೀಮಿಲ್ಲದೆ ಕೂಡಿ ಹಾಡಬಲ್ಲ ಒಂದು ಹಾಡಾದರೂ ಈಗ ಇದೆ. ಆ ಎರಡೂವರೆ ನಿಮಿಷ ನಮ್ಮ ಶಾಲೆಗಳ ದಿನಚರಿಯಲ್ಲಿ ಯಾರನ್ನೂ ಆರಿಸದೆ, ಯಾರನ್ನೂ ಬಿಡದೆ ಎಲ್ಲರೂ ಹಾಡುವ ಸಮಯ. ಅದನ್ನೂ ಧ್ವನಿಮುದ್ರಿಕೆಗೆ ಒಪ್ಪಿಸಿ ಮಕ್ಕಳನ್ನು ಸುಮ್ಮನೆ ನಿಲ್ಲಿಸುವ ಶಾಲೆಗಳು ತಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆಂದು ಯೋಚಿಸಬೇಕು.

ಸ್ಪರ್ಧೆ ನಡೆಸುವವರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಎಂಟೇ ಮಂದಿ ಎಂಬ ಕಟ್ಟಳೆಯ ಪಕ್ಕದಲ್ಲಿ ಇನ್ನೊಂದು ವಿಭಾಗವನ್ನು ಇಡಿ. ಅದರಲ್ಲಿ ಒಂದು ಇಡೀ ತರಗತಿ ಬಂದು ಹಾಡಲಿ, ಯಾರನ್ನೂ ಬಿಡದೆ ಬಂದ ತರಗತಿಗೆ ಅದಕ್ಕೆಂದೇ ಕೆಲವು ಅಂಕಗಳಿರಲಿ. ಮೊದಲನೆಯ, ಎರಡನೆಯ ಸ್ಥಾನಗಳಿಗೆ ಬದಲು ದರ್ಜೆಗಳಿರಲಿ. ತೀರ್ಪುಗಾರರು ಅಂಕಪಟ್ಟಿಯ ಜೊತೆಗೆ ಪ್ರತಿ ಶಾಲೆಗೂ ನಾಲ್ಕು ಸಾಲು ಬರೆದುಕೊಡಲಿ. ಎಲ್ಲಿ ಉಸಿರು ತಪ್ಪಿತು, ಯಾವ ಅಕ್ಷರ ಜಾರಿತು, ಶ್ರುತಿ ಎಷ್ಟು ಇಳಿಸಿದರೆ ಒಳಿತು ಎಂಬುದು ಮಕ್ಕಳಿಗೆ ಬಟ್ಟಲಿಗಿಂತ ಹೆಚ್ಚು ದಿನ ಒದಗುತ್ತದೆ. ಶಾಲೆಗಳಲ್ಲಿ ನನ್ನ ವಿನಂತಿ ಇನ್ನೂ ಚಿಕ್ಕದು. ಗೆಲ್ಲಲು ಎಂಟು ಮಂದಿಯನ್ನು ಆರಿಸಿಕೊಳ್ಳಿ, ಅದು ನ್ಯಾಯವೇ. ಆದರೆ ಸಾಲಿನಲ್ಲಿ ನಿಲ್ಲಿಸಿದವಳಿಗೆ ಹಾಡಬೇಡವೆಂದು ಹೇಳಬೇಡಿ.

ಹೆಣ್ಣುಮಕ್ಕಳ ಶಾಲೆಗಳಿಗೆ ಈ ಮಾತನ್ನು ವಿಶೇಷವಾಗಿ ಹೇಳುವುದಕ್ಕೆ ಕಾರಣವಿದೆ. ಸದ್ದು ಮಾಡಬೇಡ, ಗಟ್ಟಿಯಾಗಿ ನಗಬೇಡ, ಹಿರಿಯರೆದುರು ದನಿ ಎತ್ತಬೇಡ ಎಂಬ ಮಾತುಗಳನ್ನು ಹುಡುಗಿಯರು ಮನೆಯಲ್ಲಿ, ಬೀದಿಯಲ್ಲಿ ಬೇಕಾದಷ್ಟು ಕೇಳಿರುತ್ತಾರೆ, ಮುಂದೆಯೂ ಕೇಳಲಿದ್ದಾರೆ. ತುಂಬುದನಿಯಲ್ಲಿ, ನಾಚದೆ, ಪಕ್ಕದವಳ ದನಿಗೆ ಕಿವಿಗೊಡುತ್ತ ಹಾಡಬಹುದಾದ ಸ್ಥಳ ಅವರಿಗೆ ಹೆಚ್ಚೇನೂ ಇಲ್ಲ. ಬೀಸುವ ಕಲ್ಲು ಹೋಯಿತು; ಸೋಬಾನೆಯ ಚಪ್ಪರದಲ್ಲಿ ಈಗ ಧ್ವನಿವರ್ಧಕ ಹಾಡುತ್ತದೆ. ಉಳಿದಿರುವುದು ಶಾಲೆಯೊಂದೇ. ಹತ್ತನೆಯ ತರಗತಿ ಮುಗಿದ ಮೇಲೆ ಈ ಹುಡುಗಿಯರಲ್ಲಿ ಗಾಯಕಿಯರಾಗುವವರು ನೂರಕ್ಕೆ ಒಬ್ಬರೋ ಇಬ್ಬರೋ. ಉಳಿದವರು ತಾಯಂದಿರಾಗುತ್ತಾರೆ, ದಾದಿಯರಾಗುತ್ತಾರೆ, ಅಧ್ಯಾಪಕಿಯರಾಗುತ್ತಾರೆ. ಅವರ ಮಕ್ಕಳು ಮೊದಲು ಕೇಳುವ ಹಾಡು ಅವರದೇ ಕಂಠದ್ದು. ಆ ಕಂಠ ಹಾಡಲು ಬಾರದೆಂದು ಹದಿನಾಲ್ಕನೆಯ ವಯಸ್ಸಿನಲ್ಲಿ ತೀರ್ಮಾನಿಸಿಬಿಡುವ ಅಧಿಕಾರ ಯಾವ ಬಹುಮಾನಕ್ಕೂ ಇಲ್ಲ.